ಐದೂವರೆ ಸಾವಿರದ ಗಿಟಾರ್

ನಾನು ಇನ್ನೂ ಗಿಟಾರ್ ಕೊಂಡಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಮ್ಮ ತರಗತಿಯಲ್ಲಿ ಅರ್ಧ ಜನ ನಾನು ಕೊಂಡುಬಿಟ್ಟೆ ಎಂದು ತಿಳಿದಿದ್ದಾರೆ, ಇನ್ನರ್ಧ ಜನ ಮನೆಯಲ್ಲಿ ಬೈಸಿಕೊಂಡು ಆಸೆ ಬಿಟ್ಟೆ ಎಂದು ತಿಳಿದಿದ್ದಾರೆ. ಎರಡೂ ನಿಜವಲ್ಲ. ನಿಜ ಏನು ಎಂದು ಒಂದೇ ಸಲ ಎಲ್ಲರಿಗೂ ತಿಳಿಸೋಣ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆಯ ಮಾತು ಉರ್ದು. ಅಂಗಡಿಯ ಮಾತು ಕನ್ನಡ. ಅಕೌಂಟೆನ್ಸಿ ಮಾತ್ರ ಇಂಗ್ಲಿಷ್. ಅಬ್ಬಾ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುತ್ತಾರೆ. ದಾವಣಗೆರೆಯಲ್ಲಿ ಪಿ.ಬಿ. ರಸ್ತೆಯಿಂದ ಒಳಗೆ ಹೋದರೆ ಒಂದು ಗಲ್ಲಿಯಲ್ಲಿ ನಮ್ಮ ಅಂಗಡಿ ಇದೆ. ಸುತ್ತಲಿನ ಹಳ್ಳಿಗಳ ರೈತರು ಸುಟ್ಟ ಮೋಟಾರನ್ನು ಆಟೋದಲ್ಲಿ ಹಾಕಿಕೊಂಡು ಬರುತ್ತಾರೆ. ಅಬ್ಬಾ ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುತ್ತಾರೆ. ಕಾಲೇಜು ಬಿಟ್ಟ ಮೇಲೆ ನಾನೂ ಅಲ್ಲಿ ಕೂರುತ್ತೇನೆ.

ನನ್ನ ಹತ್ತಿರ 6,200 ರೂಪಾಯಿ ಇತ್ತು. ಎರಡು ರಂಜಾನ್‌ಗಳಲ್ಲಿ ಬಟ್ಟೆ ಅಂಗಡಿಯಲ್ಲಿ ರಾತ್ರಿ ಕೆಲಸ ಮಾಡಿದ್ದು ಮತ್ತು ಈದಿ ಸೇರಿ ಆದ ಹಣ. ಫೋನ್ ಕೊಳ್ಳಬೇಕೆಂದು ಇಟ್ಟಿದ್ದೆ. ದಸರಾ ರಜೆಯಲ್ಲಿ ನನ್ನ ಗೆಳೆಯನೊಬ್ಬ ಹರಿಹರದಲ್ಲಿ ಅವನ ಮನೆಯ ಹಿಂದಿನ ಬೀದಿಯ ಅಜ್ಜನೊಬ್ಬರು ಹಳೆಯ ಎಲೆಕ್ಟ್ರಿಕ್ ಗಿಟಾರ್ ಮಾರುತ್ತಿದ್ದಾರೆ ಎಂದು ಹೇಳಿದ. ಫೋನ್ ಅಲ್ಲೇ ಮರೆತುಹೋಯಿತು.

ಹರಿಹರ ನಮಗೆ ದೂರವೇನಲ್ಲ, ಬಸ್ಸಿನಲ್ಲಿ 14 ಕಿಲೋಮೀಟರ್. ಅಜ್ಜ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಆಪರೇಟರ್ ಆಗಿದ್ದವರು. 1941ರಲ್ಲಿ ಶುರುವಾದ ಆ ಕಾರ್ಖಾನೆಯ ಲೇತ್ ಯಂತ್ರಗಳು ಒಂದು ಕಾಲಕ್ಕೆ ದೇಶದ ತುಂಬಾ ಹೋಗುತ್ತಿದ್ದವು. ಈಗ ಕಾರ್ಖಾನೆ ಇಲ್ಲ. ಅಜ್ಜ ಹಗಲು ಲೇತ್ ಮೇಲೆ, ರಾತ್ರಿ ಆರ್ಕೆಸ್ಟ್ರಾದಲ್ಲಿ. ಗಣೇಶನ ಹಬ್ಬ ಬಂದರೆ ಹರಿಹರ, ದಾವಣಗೆರೆ, ರಾಣೆಬೆನ್ನೂರು ಎಲ್ಲ ಕಡೆ ಅವರಿಗೆ ಕಾರ್ಯಕ್ರಮ. ರಾಜನ್–ನಾಗೇಂದ್ರ ಅವರ ಸಿನಿಮಾ ಹಾಡು ನುಡಿಸಿದರೆ ಜನ ಮತ್ತೊಮ್ಮೆ ಮತ್ತೊಮ್ಮೆ ಎನ್ನುತ್ತಿದ್ದರಂತೆ. ಗಿಟಾರನ್ನು ಅವರು 1983ರಲ್ಲಿ, ಅಂದರೆ ಕಪಿಲ್ ದೇವ್ ತಂಡ ವಿಶ್ವಕಪ್ ಗೆದ್ದ ವರ್ಷ, ಬೋನಸ್ ಹಣದಲ್ಲಿ 1,400 ರೂಪಾಯಿಗೆ ಬೆಂಗಳೂರಿನಿಂದ ತಂದಿದ್ದರು.

ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದು ತೆಗೆದರು. ಕೆಂಪು ಬಣ್ಣ, ಅಂಚಿಗೆ ಬರುತ್ತಾ ಕಪ್ಪು. ಕೈ ತಾಗುವ ಜಾಗದಲ್ಲಿ ಬಣ್ಣ ಹೋಗಿ ಮರ ಕಾಣುತ್ತಿತ್ತು. ತಲೆಯ ಮೇಲಿನ ಹೆಸರಿನ ಪಟ್ಟಿ ಉದುರಿಹೋಗಿತ್ತು. ಕೋಲ್ಕತಾದಲ್ಲಿ ಮಾಡಿದ್ದು ಎಂದು ಅಜ್ಜ ಹೇಳಿದರು. ನಾವು ಪುಸ್ತಕದಲ್ಲಿ ಓದುತ್ತೇವಲ್ಲ, 1991ರ ಉದಾರೀಕರಣಕ್ಕೆ ಮೊದಲು ವಿದೇಶಿ ಸಾಮಾನು ತರಿಸಬೇಕೆಂದರೆ ಲೈಸೆನ್ಸ್, ಸುಂಕ ಎಂದು ನೂರು ತೊಡಕು. ಅಮೆರಿಕದ ಫೆಂಡರ್, ಗಿಬ್ಸನ್ ಗಿಟಾರ್‌ಗಳು ನಮ್ಮಂಥ ಊರಿಗೆ ಬರುವ ಮಾತೇ ಇರಲಿಲ್ಲ. ಆರ್ಕೆಸ್ಟ್ರಾದವರಿಗೆ ಕೋಲ್ಕತಾದ ಗಿಟಾರೇ ಗತಿ. ಆ ಪಾಠ ನಾನು ಎರಡು ಅಂಕಕ್ಕೆ ಓದಿದ್ದೆ. ಅವತ್ತು ಅದು ನನ್ನ ತೊಡೆಯ ಮೇಲಿತ್ತು.

ಹಳೆಯ ಗಿಟಾರ್ ನೋಡುವುದು ಹೇಗೆ ಎಂದು ಓದಿಕೊಂಡೇ ಹೋಗಿದ್ದೆ. ಕುತ್ತಿಗೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬಿಲ್ಲಿನಂತೆ ಬಾಗಿದೆಯಾ ಎಂದು ನೋಡಬೇಕು. ಬಾಗಿದ್ದರೆ ತಂತಿ ಮೇಲೆದ್ದು ಬೆರಳು ನೋಯುತ್ತದೆ. ಫ್ರೆಟ್ ಎನ್ನುವ ಲೋಹದ ಪಟ್ಟಿಗಳು ಸವೆದಿವೆಯಾ ನೋಡಬೇಕು. ಕಿವಿ ತಿರುಗಿಸಿ ಶ್ರುತಿ ನಿಲ್ಲುತ್ತದಾ ನೋಡಬೇಕು. ಬೋಲ್ಟು, ಗುಬ್ಬಿ, ಪಿಕಪ್ ಎಲ್ಲ ಮೊದಲಿನವೇನಾ ಎಂದು ಕೇಳಬೇಕು. ಹಳೆಯದೆಲ್ಲ ವಿಂಟೇಜ್ ಅಲ್ಲ. ಹಳೆಯದಾಗಿದ್ದು ಒಳಗಿನ ಭಾಗಗಳೂ ಮೂಲದ್ದೇ ಆಗಿದ್ದರೆ ಅದಕ್ಕೆ ಬೆಲೆ, ಬದಲಾಯಿಸಿದ್ದರೆ ಬೆಲೆ ಇಳಿಯುತ್ತದೆ.

ಕುತ್ತಿಗೆ ನೇರವಾಗಿತ್ತು. ವಾಲ್ಯೂಮ್ ಗುಂಡಿ ತಿರುಗಿಸಿದರೆ ಕರಕರ ಎನ್ನುತ್ತಿತ್ತು, ಅದು ಧೂಳು. ಆದರೆ ಎರಡು ಪಿಕಪ್‌ಗಳಲ್ಲಿ ಒಂದು ಸತ್ತಿತ್ತು. ಸ್ವಿಚ್ ಆ ಕಡೆ ಹಾಕಿದರೆ ಸದ್ದೇ ಇಲ್ಲ.

"9,000 ಹೇಳ್ತಿದ್ದೆ ತಮ್ಮಾ," ಎಂದರು ಅಜ್ಜ. "ರಿಪೇರಿಯೋರೊಬ್ರು ನೋಡಿ, ಕಾಯಿಲ್ ಸುಟ್ಟೈತೆ, ಈ ಅಳತೇದು ಈಗ ಸಿಗಲ್ಲ ಅಂದ್ರು. ಅದಕ್ಕೇ 5,500 ಕೊಟ್ಟು ತಗೊಂಡು ಹೋಗು."

ನಾನು ಒಂದು ವಾರ ಸಮಯ ಕೇಳಿದೆ. ಅಬ್ಬಾ ವೈಂಡಿಂಗ್ ಮಾಡುತ್ತಾರೆ ಎಂದೂ ಹೇಳಿದೆ. ಅಜ್ಜ ಸ್ಕ್ರೂ ಬಿಚ್ಚಿ, ಬೆಸುಗೆ ಬಿಡಿಸಿ, ಆ ಒಂದು ಪಿಕಪ್ಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟರು. "ಏನಾದ್ರೂ ಮಾಡಕ್ಕಾಗುತ್ತಾ ನೋಡ್ರಿ." ಅಡ್ವಾನ್ಸ್ ಕೊಡಲು ಹೋದೆ, ಬೇಡ ಎಂದರು.

ಬಸ್ಸಿನಲ್ಲಿ ಬರುತ್ತಾ ನೋಟ್‌ಬುಕ್ಕಿನ ಹಿಂದೆ ಲೆಕ್ಕ ಹಾಕಿದೆ. ಹಳೆಯ ಯಂತ್ರ ಕೊಂಡರೆ ಅದನ್ನು ಕೆಲಸಕ್ಕೆ ಬರುವ ಸ್ಥಿತಿಗೆ ತರುವ ಖರ್ಚನ್ನೂ ಆಸ್ತಿಯ ಬೆಲೆಗೇ ಸೇರಿಸಬೇಕು ಎಂದು ಅಕೌಂಟೆನ್ಸಿಯಲ್ಲಿ ಕಲಿತಿದ್ದೇವೆ. ಗಿಟಾರ್ 5,500. ಹೊಸ ತಂತಿಗಳು 400. ಕೇಬಲ್ 300. ಒಟ್ಟು ಸರಿಯಾಗಿ 6,200. ನನ್ನ ಹತ್ತಿರ ಇದ್ದದ್ದೂ ಅಷ್ಟೇ. ಆಂಪ್ಲಿಫಯರ್ ಎಲ್ಲಿಂದ ಬರುತ್ತದೆ ಎಂಬುದನ್ನು ನಾನು ಬೇಕೆಂದೇ ಬರೆಯಲಿಲ್ಲ. ಆಸೆ ಇರುವವನು ಹಾಕುವ ಲೆಕ್ಕದಲ್ಲಿ ಯಾವಾಗಲೂ ಒಂದು ಸಾಲು ಕಡಿಮೆ ಇರುತ್ತದೆ.

ಮನೆಯಲ್ಲಿ ಮೊದಲು ದಾದಿಮಾಗೆ ಹೇಳಿದೆ. "ನಕ್ಕೋ," ಎಂದರು ಒಂದೇ ಮಾತಿನಲ್ಲಿ. ವಾದ್ಯದ ವಿಷಯದಲ್ಲಿ ನಮ್ಮ ಹಿರಿಯರಲ್ಲಿ ಎರಡು ಅಭಿಪ್ರಾಯವಿದೆ, ಅದು ನಿಮಗೆಲ್ಲ ಗೊತ್ತು. ಅದರ ತೀರ್ಮಾನ ಹೇಳುವ ವಯಸ್ಸೂ ವಿದ್ಯೆಯೂ ನನ್ನದಲ್ಲ. ಆದರೂ ವಾದ ಮಾಡಿದೆ. ಧಾರವಾಡದ ಸಿತಾರ್ ರತ್ನ ರಹಿಮತ್ ಖಾನ್ ಇರಲಿಲ್ಲವೇ? ಅವರ ಮೊಮ್ಮಗ ಉಸ್ತಾದ್ ಬಾಳೇಖಾನ್ ಇರಲಿಲ್ಲವೇ? ಅವರೂ ನಮ್ಮವರೇ ಅಲ್ಲವೇ?

ದಾದಿಮಾ ಅಡಿಕೆ ಕತ್ತರಿಸುತ್ತಾ ಕೇಳಿಸಿಕೊಂಡರು. "ಅವರು ಒಂದೇ ಕಡೆ ಕೂತು ವರ್ಷಗಟ್ಟಲೆ ಕಲಿತರು. ನೀನು ಹತ್ತು ನಿಮಿಷ ಒಂದು ಕಡೆ ಕೂರುವುದಿಲ್ಲ. ಮೊದಲು ಕೂರುವುದನ್ನು ಕಲಿ, ಆಮೇಲೆ ಖಾನ್ ಸಾಹೇಬರ ಹೆಸರು ಹೇಳು," ಎಂದರು.

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಏಕೆಂದರೆ ನನಗೆ ಬರುತ್ತಿದ್ದದ್ದು ಗೆಳೆಯನ ಮರದ ಗಿಟಾರಿನಲ್ಲಿ ಕಲಿತ ಮೂರು ಕಾರ್ಡ್ ಮಾತ್ರ.

ಅಬ್ಬಾ ಏನೂ ಹೇಳಲಿಲ್ಲ. ಪಿಕಪ್ ಕೈಗೆ ಕೊಟ್ಟೆ. ಅಂಗಡಿಯ ಬೆಳಕಿನಲ್ಲಿ ತಿರುಗಿಸಿ ನೋಡಿದರು. ಒಳಗೆ ಆಯಸ್ಕಾಂತ, ಅದರ ಸುತ್ತ ತಾಮ್ರದ ತಂತಿ. ಗಿಟಾರಿನ ಉಕ್ಕಿನ ತಂತಿ ಅದರ ಮೇಲೆ ಅಲುಗಿದರೆ ಸುರುಳಿಯಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ, ಅದನ್ನು ಆಂಪ್ಲಿಫಯರ್ ದೊಡ್ಡದು ಮಾಡುತ್ತದೆ ಎಂದು ನಾನು ಓದಿದ್ದನ್ನು ಹೇಳಿದೆ.

"ನಮ್ಮ ಕೆಲಸವೇ ಉಲ್ಟಾ," ಎಂದರು ಅಬ್ಬಾ. "ಮೋಟಾರಿಗೆ ಕರೆಂಟ್ ಕೊಟ್ಟರೆ ಅಲುಗುತ್ತದೆ. ಇದು ಅಲುಗಿದರೆ ಕರೆಂಟ್ ಕೊಡುತ್ತದೆ."

ಅವತ್ತು ಅವರ ಮುಖದಲ್ಲಿ ನಾನು ಕಂಡ ಕುತೂಹಲ ನನಗೆ ಹೊಸದು. ತಂತಿ ತಲೆಗೂದಲಿನಷ್ಟು ತೆಳ್ಳಗಿತ್ತು. "46 ಗೇಜಿನ ಹತ್ತಿರ ಇದೆ. ಇದನ್ನು ಸಾವಿರಾರು ಸುತ್ತು ಸುತ್ತಿದ್ದಾನಲ್ಲ, ಯಾರೋ ಪುಣ್ಯಾತ್ಮ," ಎಂದರು. ಮಲ್ಟಿಮೀಟರ್ ಹಚ್ಚಿದರು. ಏನೂ ತೋರಿಸಲಿಲ್ಲ, ಅಂದರೆ ದಾರಿ ಎಲ್ಲೋ ತುಂಡಾಗಿದೆ. ಕನ್ನಡಕದ ಮೇಲೆ ಭೂತಕನ್ನಡಿ ಹಿಡಿದು, ಮೇಲಿನ ಪಟ್ಟಿ ಬಿಡಿಸಿದರು. ಸುಟ್ಟ ವಾಸನೆ ಇಲ್ಲ, ಕಪ್ಪು ಇಲ್ಲ. ಹೊರಗಿನ ತುದಿಯಲ್ಲಿ, ದಪ್ಪ ವೈರಿಗೆ ಬೆಸುಗೆ ಹಾಕಿದ ಜಾಗದಲ್ಲಿ, ತಂತಿ ಕಳಚಿ ಹಸಿರುಗಟ್ಟಿತ್ತು. ಎರಡು ಸುತ್ತು ಬಿಚ್ಚಿ, ತುದಿಯ ಎನಾಮೆಲ್ ನಯವಾಗಿ ಕೆರೆದು, ಬೆಸುಗೆ ಹಾಕಿದರು. ಮತ್ತೆ ಮೀಟರ್ ಹಚ್ಚಿದಾಗ 7.1 ಕಿಲೋ ಓಮ್. ಮೋಟಾರಿನ ಕಾಯಿಲ್‌ನಲ್ಲಿ ನಾಲ್ಕೋ ಐದೋ ಓಮ್ ನೋಡಿ ಅಭ್ಯಾಸವಾದ ಅಬ್ಬಾ ಏಳು ಸಾವಿರ ನೋಡಿ ನಕ್ಕುಬಿಟ್ಟರು.

ನಾನು ಕುಣಿಯುವುದೊಂದು ಬಾಕಿ. "ಅಬ್ಬಾ, 9,000ದ ಗಿಟಾರ್ 5,500ಕ್ಕೆ ಸಿಕ್ಕ ಹಾಗಾಯಿತು!"

ಅಬ್ಬಾ ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟರು. "ಅವರಿಗೆ ಗೊತ್ತಾ?" ಎಂದು ಕೇಳಿದರು.

"ಗೊತ್ತಿಲ್ಲದಿದ್ದರೆ ಅದು ಅವರ ಪಾಡು. ಪುಸ್ತಕದಲ್ಲೇ ಇದೆ, ಕೊಳ್ಳುವವನೇ ಎಚ್ಚರವಾಗಿರಬೇಕು ಅಂತ. ನಾನು ಎಚ್ಚರವಾಗಿದ್ದೆ."

"ಕೊಳ್ಳುವವನ ಕೈಯಿಂದ ಮಾರುವವನೂ ಎಚ್ಚರವಾಗಿರಬೇಕು ಅಂತ ಆಯಿತು," ಎಂದರು. ಅಷ್ಟೇ. ಅಸರ್ ನಮಾಜಿಗೆ ಹೊತ್ತಾಗಿತ್ತು, ಎದ್ದು ಹೋದರು.

ನನಗೆ ಸಿಟ್ಟು ಬಂತು. ಮರುದಿನ ಗೆಳೆಯರ ಹತ್ತಿರ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಈ ಮಾತು ತೆಗೆದೆ. ಒಬ್ಬ ಹೇಳಿದ: "ವ್ಯಾಪಾರ ಅಂದರೇನೇ ಅದು. ಒಬ್ಬನಿಗೆ ಗೊತ್ತಿದ್ದದ್ದು ಇನ್ನೊಬ್ಬನಿಗೆ ಗೊತ್ತಿರಲ್ಲ. ಮಂಡಿಪೇಟೆಯಲ್ಲಿ ನಾಳೆ ರೇಟ್ ಏರುತ್ತೆ ಅಂತ ಗೊತ್ತಿದ್ದವನು ಇವತ್ತು ಮಾಲು ತುಂಬಿಸಲ್ವಾ? ಅವನು ಹೋಗಿ ಎಲ್ಲರಿಗೂ ಹೇಳ್ತಾನಾ?" ಈ ಮಾತಿನಲ್ಲಿ ತಪ್ಪು ಏನು ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ, ಹೊಳೆಯದಿರಲಿ ಎಂದೇ ಅನಿಸುತ್ತಿತ್ತು.

ಉತ್ತರ ಅಂಗಡಿಯಲ್ಲೇ ಸಿಕ್ಕಿತು. ಆ ವಾರ ಒಬ್ಬ ರೈತರು ಸಿಂಗಲ್ ಫೇಸ್ ಮೋಟಾರ್ ತಂದರು. "ಸುಟ್ಟೋಗೈತೆ ಸಾಬ್ರೆ, ವೈಂಡಿಂಗ್ ಮಾಡಿ ಕೊಡ್ರಿ," ಎಂದರು. ಅಬ್ಬಾ ಪರೀಕ್ಷೆ ಮಾಡಿ, "ಕಾಯಿಲ್ ಚೆನ್ನಾಗಿದೆ ಗೌಡ್ರೇ, ಕೆಪಾಸಿಟರ್ ಹೋಗಿದೆ ಅಷ್ಟೇ," ಎಂದು ಅದನ್ನು ಬದಲಾಯಿಸಿ ಕಳಿಸಿದರು. ವೈಂಡಿಂಗ್‌ಗೆ ಸಾವಿರಗಟ್ಟಲೆ ಆಗುತ್ತಿತ್ತು. ಕೆಪಾಸಿಟರಿಗೆ ಇನ್ನೂರೋ ಮುನ್ನೂರೋ. ಇದನ್ನು ನಾನು ಚಿಕ್ಕಂದಿನಿಂದ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅವತ್ತು ಮೊದಲ ಸಲ ಗಮನಿಸಿದೆ. ಆ ರೈತರು ಮೋಟಾರ್ ಬಿಟ್ಟು ಹೋಗಿದ್ದರೆ ಒಳಗೆ ಏನಿತ್ತು ಎಂದು ಅವರಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಅವರು ನಮ್ಮ ಹತ್ತಿರ ಬಂದದ್ದು.

ಮಂಡಿಪೇಟೆಯ ವ್ಯಾಪಾರಿಗೂ ನನಗೂ ಇದ್ದ ವ್ಯತ್ಯಾಸ ಆಗ ತಿಳಿಯಿತು. ಅವನು ತಾನೇ ಓಡಾಡಿ ತಿಳಿದುಕೊಂಡ ಸುದ್ದಿಯ ಮೇಲೆ ವ್ಯಾಪಾರ ಮಾಡುತ್ತಾನೆ. ನಾನು ತಿಳಿದುಕೊಂಡದ್ದು ಅಜ್ಜ ನಂಬಿ ಚೀಲದಲ್ಲಿ ಹಾಕಿ ಕೊಟ್ಟ ಅವರದೇ ವಸ್ತುವನ್ನು ಬಿಚ್ಚಿ ನೋಡಿ. ನಾನು ಅದಕ್ಕೆ ಒಂದು ರೂಪಾಯಿಯನ್ನೂ ಕೊಟ್ಟಿರಲಿಲ್ಲ, ಅಡ್ವಾನ್ಸ್ ಕೂಡ ಅವರು ತೆಗೆದುಕೊಂಡಿರಲಿಲ್ಲ. ನಮ್ಮ ಮನೆಯಲ್ಲಿ ಇದಕ್ಕೆ ಅಮಾನತ್ ಎನ್ನುತ್ತಾರೆ. ಅಮಾನತ್ ಇಟ್ಟ ವಸ್ತುವಿನಲ್ಲಿ ಸಿಕ್ಕಿದ್ದು ಇಟ್ಟವರದೇ. ಅದು ಚಿನ್ನವಾದರೂ ಅಷ್ಟೇ, ಸುದ್ದಿಯಾದರೂ ಅಷ್ಟೇ.

ಭಾನುವಾರ ಮತ್ತೆ ಹರಿಹರಕ್ಕೆ ಹೋದೆ. ಹೊರಡುವಾಗ ಅಬ್ಬಾ, "ಬೆಸುಗೆಗೆ ಐವತ್ತು ರೂಪಾಯಿ, ಅದಕ್ಕಿಂತ ಹೆಚ್ಚು ಕೊಟ್ಟರೆ ತೆಗೆದುಕೊಳ್ಳಬೇಡ," ಎಂದರು.

ಅಜ್ಜನಿಗೆ ಹೇಳಿದೆ: ಕಾಯಿಲ್ ಸುಟ್ಟಿರಲಿಲ್ಲ, ತುದಿ ಕಳಚಿತ್ತು, ಈಗ ಸರಿಯಾಗಿದೆ, ಮೊದಲಿನ ತಂತಿಯೇ ಇದೆ. ಅವರು ಏನೂ ಮಾತಾಡದೆ ಪಿಕಪ್ ಜಾಗಕ್ಕೆ ಕೂರಿಸಿ ಬೆಸೆದರು. ಎಪ್ಪತ್ತರ ಹತ್ತಿರದ ವಯಸ್ಸು, ಆದರೂ ಲೇತ್ ಹಿಡಿದ ಕೈ ಅಲುಗಲಿಲ್ಲ. ಹಳೆಯ ಅಹುಜಾ ಆಂಪ್ಲಿಫಯರಿಗೆ ಕೇಬಲ್ ಚುಚ್ಚಿದರು. ಸ್ವಿಚ್ ಆ ಕಡೆ ಹಾಕಿ ಒಂದು ತಂತಿ ಮೀಟಿದರು. ಸದ್ದು ಬಂತು. ಇನ್ನೊಂದು ಪಿಕಪ್ಪಿನ ಸದ್ದು ಮೆತ್ತಗೆ, ದುಂಡಗೆ ಇತ್ತು. ಇದು ಚೂಪಾಗಿತ್ತು, ಬೀದಿಯ ತುದಿಗೆ ಕೇಳುವ ಹಾಗೆ. ಅಜ್ಜ ಒಂದು ಸಿನಿಮಾ ಹಾಡಿನ ನಡುವಿನ ತುಣುಕು ನುಡಿಸಿದರು. ಎರಡು ಕಡೆ ಬೆರಳು ತಪ್ಪಿತು. ಒಳಗಿನಿಂದ ಅಜ್ಜಿ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು.

ಸುಳ್ಳು ಹೇಳುವುದಿಲ್ಲ, ನಾನು ಒಂದು ಮಾತಿಗೆ ಕಾಯುತ್ತಿದ್ದೆ. "ನಿನ್ನಂಥ ಹುಡುಗನಿಗೆ 5,500ಕ್ಕೇ ಕೊಡ್ತೀನಿ ತಗೋ" ಎನ್ನುತ್ತಾರೆ ಎಂದು. ಕಥೆಗಳಲ್ಲಿ ಹಾಗೇ ಆಗುತ್ತದಲ್ಲ.

ಅಜ್ಜ ಗಿಟಾರ್ ಪಕ್ಕಕ್ಕಿಟ್ಟು, "ಹಂಗಾದ್ರೆ ಮೊದಲಿನ ರೇಟೇ ತಮ್ಮಾ, 9,000. ಮೊಮ್ಮಗಳ ಫೀಜು ಕಟ್ಟಬೇಕು, ಅದಕ್ಕೇ ಮಾರ್ತಿರೋದು. ಇಲ್ದಿದ್ರೆ ಇದನ್ನ ಯಾಕೆ ಮಾರ್ತಿದ್ದೆ?" ಎಂದರು. ಬೆಸುಗೆಯ ಐವತ್ತು ರೂಪಾಯಿ ಕೊಟ್ಟರು. ಅಜ್ಜಿ ಚಹಾ ಕೊಟ್ಟರು.

ಆಮೇಲೆ ಅಜ್ಜ ಗಿಟಾರ್ ನನ್ನ ಕೈಗೆ ಕೊಟ್ಟು ನುಡಿಸು ಎಂದರು. ನನ್ನ ಮೂರು ಕಾರ್ಡ್ ನುಡಿಸಿದೆ. ಅವರು ನನ್ನ ಎಡಗೈ ಹಿಡಿದು ಬೆರಳ ತುದಿ ಒತ್ತಿ ನೋಡಿದರು. "ಇನ್ನೂ ಮೆತ್ತಗದಾವೆ. ದಿನಾ ಕೂತ್ರೆ ಎರಡು ತಿಂಗಳಿಗೆ ಗಟ್ಟಿ ಆಗ್ತಾವೆ," ಎಂದರು. ದಾದಿಮಾ ಹೇಳಿದ್ದೂ ಅದನ್ನೇ.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮುಖ ಹೊರಗೆ ಮಾಡಿಕೊಂಡಿದ್ದೆ. ನಿಜ ಹೇಳಿದ್ದಕ್ಕೆ ನನಗೆ 3,500 ರೂಪಾಯಿ ನಷ್ಟ ಎಂದೇ ಲೆಕ್ಕ ಹಾಕುತ್ತಿದ್ದೆ. ದಾವಣಗೆರೆ ಬರುವ ಹೊತ್ತಿಗೆ ಆ ಲೆಕ್ಕ ತಪ್ಪು ಎಂದು ಗೊತ್ತಾಯಿತು. ಆ ಹಣ ಎಂದೂ ನನ್ನದಾಗಿರಲಿಲ್ಲ, ಇಲ್ಲದ್ದು ಕಳೆದುಹೋಗುವುದು ಹೇಗೆ? ಅದು ಒಂದು ಹುಡುಗಿಯ ಫೀಜಿನ ಹಣ. ರಿಯಾಯಿತಿ ಸಿಗಲಿ ಎಂದು ನಿಜ ಹೇಳಿದ್ದರೆ ಅದೂ ಒಂದು ವ್ಯಾಪಾರವೇ ಆಗುತ್ತಿತ್ತು. ಇಷ್ಟೆಲ್ಲ ತಿಳಿದ ಮೇಲೂ ಗಿಟಾರ್ ಕೈ ತಪ್ಪಿದ ಬೇಸರ ಹೋಗಲಿಲ್ಲ. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಈ ಲೇಖನ ಸುಳ್ಳಾಗುತ್ತದೆ.

ಆ ರಾತ್ರಿ ಐವತ್ತರ ನೋಟನ್ನು ಅಬ್ಬಾಗೆ ಕೊಟ್ಟೆ. "ಎಷ್ಟಕ್ಕೆ ಆಯಿತು?" ಎಂದು ಕೇಳಿದರು. ಹೇಳಿದೆ. "ಸರಿಯಾದ ಬೆಲೆ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಮಾಜಿನ ಹೊತ್ತಿಗೆ, ಓದುವ ಹೊತ್ತಿಗೆ ಅದು ಗೋಡೆಗೆ ಇರಬೇಕು," ಎಂದರು. ಕೊಳ್ಳಬೇಡ ಎನ್ನಲಿಲ್ಲ ಎಂಬುದು ನನಗೆ ತಿಳಿದದ್ದು ಹಾಸಿಗೆಯಲ್ಲಿ ಮಲಗಿದ ಮೇಲೆ.

ಈಗ ನನ್ನ ತೀರ್ಮಾನ ಹೀಗಿದೆ. ಗೆಳೆಯನ ಮರದ ಗಿಟಾರ್ ಎರವಲು ತಂದಿದ್ದೇನೆ. ಇಶಾ ಆದ ಮೇಲೆ ಅರ್ಧ ಗಂಟೆ ಅಂಗಡಿಯಲ್ಲಿ ಕೂರುತ್ತೇನೆ, ಮನೆಯಲ್ಲಿ ದಾದಿಮಾಗೆ ತೊಂದರೆ ಆಗಬಾರದು. ಕೂತ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ಒಂದು ಗುರುತು ಹಾಕುತ್ತೇನೆ. ಮೊದಲ ತಿಂಗಳು 19 ದಿನ, ಎರಡನೇ ತಿಂಗಳು 24. ಆಂಪ್ಲಿಫಯರಿನ ಸಾಲನ್ನೂ ಲೆಕ್ಕಕ್ಕೆ ಸೇರಿಸಿದ್ದೇನೆ. ನನ್ನ ಹತ್ತಿರ ಈಗ 6,850 ಇದೆ. ಗಿಟಾರಿಗೇ ಇನ್ನೂ 2,150 ಬೇಕು. ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಯಾರೂ ಬರದಿದ್ದರೆ ಗಿಟಾರ್ ನನಗೇ ಎಂದು ಅಜ್ಜ ಹೇಳಿದ್ದಾರೆ. ಮೊದಲೇ ಯಾರಾದರೂ 9,000 ತಂದರೆ ಅವರಿಗೆ ಕೊಡುತ್ತಾರೆ. ಆರೋಗ್ಯ ಮಾತೆ ಚರ್ಚಿನ ಕಡೆಯ ಒಬ್ಬ ಹುಡುಗ ಬಂದು ನೋಡಿಕೊಂಡು ಹೋಗಿದ್ದಾನಂತೆ. ಅವನಿಗೆ ಚೆನ್ನಾಗಿ ನುಡಿಸಲು ಬರುತ್ತದಂತೆ. ಅವನ ಪಾಲಾದರೂ ಅನ್ಯಾಯವೇನಿಲ್ಲ, ಎರಡೂ ಪಿಕಪ್ ಕೆಲಸ ಮಾಡುತ್ತವೆ ಎಂದು ತಿಳಿದೇ ಕೊಳ್ಳುತ್ತಾನೆ.

ಮೊನ್ನೆ ಅಂಗಡಿಯಲ್ಲಿ ನುಡಿಸುತ್ತಿದ್ದಾಗ ಅಬ್ಬಾ ಷಟರ್ ಅರ್ಧ ಎಳೆದು ಲೆಕ್ಕ ಬರೆಯುತ್ತಿದ್ದರು. ನಾನು ನಿಲ್ಲಿಸಿದೆ. ತಲೆ ಎತ್ತದೆ ಕೇಳಿದರು: "ಯಾಕೆ ನಿಲ್ಲಿಸಿದೆ? ಅರ್ಧ ಗಂಟೆ ಆಗಿಲ್ಲವಲ್ಲ."

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ